ನೋವು ಸೊಂಟದಲ್ಲಿ, ಗಂತಿ ಅಂಗಾಲಿನಲ್ಲಿ

ಪಾಂಡವಪುರದಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕರಿಗಾಗಿ ನಡೆದ ಒಂದು ಕಾರ್ಯಾಗಾರದಲ್ಲಿ ಪಾಸಿಟ್ರಾನ್ ಕುರಿತು ಮಾತನಾಡುವ ಅವಕಾಶ ನನಗೆ ಒದಗಿತ್ತು. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಂದಲೂ ಶಿಕ್ಷಕರು ಬಂದಿದ್ದರು. ಡಿರಾಕ್‌ನ ಸಮೀಕರಣ, 1932ರಲ್ಲಿ ಆಂಡರ್ಸನ್ ಮೇಘಕೋಷ್ಠದಲ್ಲಿ ಈ ಕಣದ ಜಾಡನ್ನು ಕಂಡದ್ದು, ಇವನ್ನೆಲ್ಲ ಹೇಳಿ ಮುಗಿಸಿ, ಪಾಸಿಟ್ರಾನಿನ ಬಳಕೆಗೆ ಉದಾಹರಣೆಯಾಗಿ ಒಂದು ವಿಚಿತ್ರ ಗಂತಿಯ ವಿಷಯವನ್ನೂ ಎತ್ತಿದೆ. ಊಟದ ಬಿಡುವಿನಲ್ಲಿ ನಾಗಮಂಗಲದ ಕಡೆಯ ಶಿಕ್ಷಕಿಯೊಬ್ಬರು ಬಳಿ ಬಂದು, "ಸಾರ್, ನಮ್ಮತ್ತೆಗೂ ನೀವು ಹೇಳಿದ ಹಾಗೇ ಮೂಳೆಮೂಳೆಯೆಲ್ಲ ನೋವು. ಮೂರು ವರ್ಷ ಆಯ್ತು. ಯಾರಿಗೂ ಗೊತ್ತಾಗ್ತಿಲ್ಲ. ಅದೇ ಇರಬಹುದಾ?" ಎಂದು ಕೇಳಿದರು. ಅವರ ಪ್ರಶ್ನೆ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಆ ಗಂತಿಯ ವಿಷಯ. ನಾನು ವೈದ್ಯನಲ್ಲ, ಭೌತವಿಜ್ಞಾನದ ಮೇಷ್ಟ್ರು. ಈ ಲೇಖನವನ್ನು ಆ ಎಚ್ಚರದಿಂದಲೇ ಓದಬೇಕು.

ಹೀಗೊಂದು ಚಿತ್ರ ಕಲ್ಪಿಸಿಕೊಳ್ಳಿ. ವಿ.ಸಿ. ನಾಲೆಯ ಬಯಲಿನಲ್ಲಿ ಗದ್ದೆ ಕೆಲಸ ಮಾಡುವ ನಲವತ್ತರ ಹರೆಯದ ಹೆಂಗಸು. ಮೊದಲು ಹಿಮ್ಮಡಿ ನೋವು, ಆಮೇಲೆ ಸೊಂಟ, ತೊಡೆ, ಪಕ್ಕೆಲುಬು. ನಾಟಿಗೆ ಬಗ್ಗಿದರೆ ಏಳಲಾಗದು. ಕೂತಲ್ಲಿಂದ ಏಳಲು ಎರಡು ಕೈಯನ್ನೂ ನೆಲಕ್ಕೆ ಊರಬೇಕು. ನಡಿಗೆ ಬಾತುಕೋಳಿಯಂತೆ ಅತ್ತಿತ್ತ ಓಲಾಡುತ್ತದೆ. ಒಬ್ಬ ವೈದ್ಯರು ಡಿಸ್ಕ್ ಜಾರಿದೆ ಎಂದರು. ಇನ್ನೊಬ್ಬರು ಸಂಧಿವಾತ ಎಂದರು. ಬೆನ್ನುಮೂಳೆಯ ಕ್ಷಯವಿರಬಹುದೇ ಎಂಬ ಅನುಮಾನದಿಂದ ಮೈಸೂರಿಗೆ ಕಳಿಸಿದ್ದೂ ಆಯಿತು. ಕೊಳವೆಬಾವಿ ನೀರಿನ ಫ್ಲೋರೈಡ್ ಎಂದರು ಮತ್ತೊಬ್ಬರು. ಯಾವ ಚಿಕಿತ್ಸೆಯೂ ಹಿಡಿಯದಿದ್ದಾಗ, ಮನೆಯ ಚಿಂತೆಯಿಂದ ಹೀಗಾಗಿದೆ, ಕಾಯಿಲೆ ಮನಸ್ಸಿನದು ಎಂಬಲ್ಲಿಗೆ ಮಾತು ಬಂದು ನಿಂತಿತು. ಇಷ್ಟರಲ್ಲಿ ನಾಲ್ಕು ವರ್ಷ ಕಳೆದು, ಆಕೆಯ ಎತ್ತರವೇ ಎರಡು ಅಂಗುಲ ಕುಗ್ಗಿತ್ತು. ಅಂಗಾಲಿನಲ್ಲಿ ಬಟಾಣಿ ಗಾತ್ರದ ಒಂದು ಗಂಟು ಹಿಂದಿನಿಂದಲೂ ಇತ್ತು. ಆಣಿ ಎಂದುಕೊಂಡು ಆಕೆ ಅದನ್ನು ಯಾರಿಗೂ ತೋರಿಸಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಇದು ಯಾರೊಬ್ಬರ ಕಥೆಯೂ ಅಲ್ಲ. ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿರುವ ಹಲವು ವರದಿಗಳ ಸಾರವನ್ನು ನಮ್ಮ ಕಡೆಯ ಒಬ್ಬ ಹೆಂಗಸಿನ ಮೇಲೆ ಹೊರಿಸಿದ್ದೇನೆ. ಇಂಥ ರೋಗಿಗಳನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ದೆಹಲಿಯ ಏಮ್ಸ್, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಗಳ ವೈದ್ಯರೂ ವರದಿ ಮಾಡಿದ್ದಾರೆ. ಬೀಜಿಂಗ್‌ನ ಒಂದು ದೊಡ್ಡ ಆಸ್ಪತ್ರೆ 2017ರಲ್ಲಿ ತನ್ನ 144 ರೋಗಿಗಳ ಇತಿಹಾಸವನ್ನು ಪ್ರಕಟಿಸಿತು. ಅವರಲ್ಲಿ 137 ಮಂದಿಗೆ ಮೊದಲು ಬೇರೆ ಯಾವುದೋ ರೋಗದ ಹೆಸರು ಅಂಟಿತ್ತು. ಡಿಸ್ಕ್ ತೊಂದರೆ, ಬೆನ್ನುಹುರಿಯ ಸುತ್ತಣ ಕೀಲುಗಳ ಉರಿಯೂತ, ಮೂಳೆ ಸವೆತ ಇವು ಆ ಪಟ್ಟಿಯ ಮೊದಲಿಗೆ ಇದ್ದವು. ನಿಜವಾದ ರೋಗದ ಹೆಸರು ತಿಳಿಯಲು ಸರಾಸರಿ ಮೂರು ವರ್ಷ, ಶಸ್ತ್ರಚಿಕಿತ್ಸೆಯವರೆಗೆ ಸರಾಸರಿ ಐದು ವರ್ಷಕ್ಕೂ ಹೆಚ್ಚು ಹಿಡಿದಿತ್ತು.

ಕೋಡಿ ತಗ್ಗಿದ ಕೆರೆ

ಮೂಳೆಯನ್ನು ಆರ್.ಸಿ.ಸಿ. ಕಂಬಕ್ಕೆ ಹೋಲಿಸಬಹುದು. ಕೊಲ್ಲಾಜನ್ ಎಂಬ ಪ್ರೋಟೀನಿನ ಎಳೆಗಳು ಅದರ ಕಂಬಿ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹೈಡ್ರಾಕ್ಸಿಅಪಟೈಟ್ ಎಂಬ ಖನಿಜ ಅದರ ಕಾಂಕ್ರೀಟು. ವಯಸ್ಸಾದವರ ಮೂಳೆ ಸವೆತದಲ್ಲಿ ಕಂಬಿ, ಕಾಂಕ್ರೀಟು ಎರಡೂ ಕಡಿಮೆಯಾಗುತ್ತವೆ. ಆಸ್ಟಿಯೋಮಲೇಸಿಯಾ ಎಂಬ ಮೂಳೆ ಮೆತ್ತಗಾಗುವ ರೋಗದಲ್ಲಿ ಹಾಗಲ್ಲ. ಕಂಬಿ ಕಟ್ಟಿರುತ್ತದೆ, ಕಾಂಕ್ರೀಟು ಬಿದ್ದಿರುವುದಿಲ್ಲ. ಭಾರ ಬಿದ್ದಲ್ಲೆಲ್ಲ ಮೂಳೆ ಬಾಗುತ್ತದೆ, ಸಣ್ಣಸಣ್ಣ ಬಿರುಕು ಬಿಡುತ್ತದೆ. ಕ್ಷಕಿರಣ ಚಿತ್ರದಲ್ಲಿ ಈ ಬಿರುಕುಗಳು ತೆಳು ಪಟ್ಟಿಗಳಾಗಿ ಕಾಣುತ್ತವೆ. ಫ್ಲೋರೋಸಿಸ್‌ನಲ್ಲಾದರೆ ಮೂಳೆ ಸಾಮಾನ್ಯವಾಗಿ ಹೆಚ್ಚು ಸಾಂದ್ರವಾಗಿ, ಚಿತ್ರದಲ್ಲಿ ಹೆಚ್ಚು ಬೆಳ್ಳಗೆ ಕಾಣುತ್ತದೆ. ಇಲ್ಲಿ ಮಸುಕಾಗಿ ಕಾಣುತ್ತದೆ. ಆದರೆ ಸಾಧಾರಣ ಕ್ಷಕಿರಣ ಚಿತ್ರದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳಬೇಕಾದರೆ ಮೂಳೆ ಬಹಳಷ್ಟು ಖನಿಜ ಕಳೆದುಕೊಂಡಿರಬೇಕು.

ಮೆತ್ತಗಾಗುವುದಕ್ಕೆ ಸಾಮಾನ್ಯ ಕಾರಣ ವಿಟಮಿನ್ ಡಿ ಕೊರತೆ. ನಾವು ಮಾತಾಡುತ್ತಿರುವ ರೋಗಿಯಲ್ಲಿ ಕೊರತೆ ಇರುವುದು ಫಾಸ್ಫೇಟಿನದು, ಅದೂ ಊಟದಲ್ಲಿ ಅಲ್ಲ. ಅನ್ನ, ರಾಗಿ, ಬೇಳೆ, ಹಾಲು ಎಲ್ಲದರಲ್ಲೂ ರಂಜಕ ಇದೆ. ಒಳಗೆ ಬಂದದ್ದು ಮೂತ್ರದಲ್ಲಿ ಸೋರಿಹೋಗುತ್ತಿದೆ.

ತೊಣ್ಣೂರು ಕೆರೆಯನ್ನೋ ನಿಮ್ಮೂರಿನ ಕೆರೆಯನ್ನೋ ನೆನಪಿಸಿಕೊಳ್ಳಿ. ಮಳೆ ಎಷ್ಟೇ ಬಂದರೂ ಕೆರೆಯ ನೀರು ನಿಲ್ಲುವುದು ಕೋಡಿಯ ಮಟ್ಟಕ್ಕೆ. ಮೂತ್ರಪಿಂಡವೂ ರಕ್ತದ ಫಾಸ್ಫೇಟಿಗೆ ಇಂಥ ಒಂದು ಕೋಡಿಯನ್ನು ಕಟ್ಟಿದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಅಲ್ಲಿ ಸೋಸಿಹೋಗುತ್ತದೆ. ಅದರ ಜೊತೆ ಹೋದ ಫಾಸ್ಫೇಟಿನ ಶೇಕಡ 80ರಿಂದ 90ರಷ್ಟನ್ನು ಮೂತ್ರಪಿಂಡದ ನಾಳಗಳು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಮಿಕ್ಕಿದ್ದು ಕೋಡಿ ಬೀಳುತ್ತದೆ. ಕೋಡಿಯ ಎತ್ತರವನ್ನು ನಿಗದಿ ಮಾಡುವ ಹಾರ್ಮೋನುಗಳಲ್ಲಿ ಎಫ್‌ಜಿಎಫ್-23 ಮುಖ್ಯವಾದದ್ದು. ಇದನ್ನು ತಯಾರಿಸುವುದು ಮೂಳೆಯ ಜೀವಕೋಶಗಳೇ. ರಕ್ತದಲ್ಲಿ ಇದು ಹೆಚ್ಚಿದರೆ ಕೋಡಿ ತಗ್ಗುತ್ತದೆ. ಜೊತೆಗೆ ವಿಟಮಿನ್ ಡಿ ತನ್ನ ಕ್ರಿಯಾಶೀಲ ರೂಪಕ್ಕೆ ಬದಲಾಗುವುದಕ್ಕೂ ಇದು ತಡೆಹಾಕುತ್ತದೆ.

ಅಂಗಾಲಿನ ಆ ಗಂಟು ಮಾಡುತ್ತಿರುವುದು ಇದೇ ಹಾರ್ಮೋನನ್ನು, ಹಗಲೂ ಇರುಳೂ, ಲೆಕ್ಕವಿಲ್ಲದೆ. ಗಂತಿ ಬಹುಪಾಲು ಸೌಮ್ಯವಾದದ್ದು. ಸಾಮಾನ್ಯವಾಗಿ ಹರಡುವುದಿಲ್ಲ, ಬೇಗ ಬೆಳೆಯುವುದಿಲ್ಲ, ಎಷ್ಟೋ ವೇಳೆ ನೋಯುವುದೂ ಇಲ್ಲ. ಒಂದೆರಡು ಸೆಂಟಿಮೀಟರ್ ಗಾತ್ರದಲ್ಲಿ ಪಾದ, ತೊಡೆ, ದವಡೆ, ಮೂಗಿನ ಪಕ್ಕದ ಗಾಳಿಗೂಡುಗಳು, ಎಲ್ಲಿ ಬೇಕಾದರೂ ಅಡಗಿ ಕೂರಬಹುದು. ತಾನಿರುವ ಜಾಗದಲ್ಲಿ ಅದು ಏನೂ ಹಾನಿ ಮಾಡುವುದಿಲ್ಲ; ಹಾನಿಯೆಲ್ಲ ದೂರದ ಬೆನ್ನುಮೂಳೆಗೆ, ತೊಡೆಮೂಳೆಗೆ. ಹೀಗಾಗಿ ವೈದ್ಯರೂ ರೋಗಿಯೂ ನೋವಿದ್ದಲ್ಲಿ ಹುಡುಕುತ್ತಾರೆ, ಗಂತಿ ಇದ್ದಲ್ಲಿ ನೋಡುವುದಿಲ್ಲ.

ಇದು ಅರ್ಥವಾಗುವುದಕ್ಕೆ ವಿಜ್ಞಾನಿಗಳಿಗೂ ಅರ್ಧ ಶತಮಾನ ಬೇಕಾಯಿತು. 1947ರಲ್ಲಿ ಇಂಗ್ಲೆಂಡಿನ ರಾಬರ್ಟ್ ಮೆಕ್ಯಾನ್ಸ್, ಭಾರಿ ಪ್ರಮಾಣದ ವಿಟಮಿನ್ ಡಿ ಕೊಟ್ಟರೂ ಜಗ್ಗದ ಒಂದು ಪ್ರಕರಣವನ್ನು ವರದಿ ಮಾಡಿದರು. ತೊಡೆಮೂಳೆಯ ಗಂತಿಯನ್ನು ತೆಗೆದಿದ್ದರು, ರೋಗಿ ಗುಣವಾದರು. ಆದರೆ ಗಂತಿಯೇ ಕಾರಣ ಎಂಬುದು ಅವರಿಗೆ ಹೊಳೆಯಲಿಲ್ಲ. ಅದನ್ನು ಮೊದಲು ಹೇಳಿದವರು ಸ್ವಿಟ್ಜರ್ಲೆಂಡಿನ ಆಂಡ್ರಿಯಾ ಪ್ರಾಡರ್, 1959ರಲ್ಲಿ. ಹನ್ನೊಂದು ವರ್ಷದ ಹುಡುಗಿಯ ಪಕ್ಕೆಲುಬಿನ ಗಂತಿಯನ್ನು ತೆಗೆದಾಗ ಅವಳ ಮೂಳೆರೋಗ ವಾಸಿಯಾಗಿತ್ತು. ಗಂತಿ ರಕ್ತಕ್ಕೆ ಬಿಡುವ ವಸ್ತು ಯಾವುದೆಂದು ಗೊತ್ತಾದದ್ದು ಇನ್ನೂ ನಲವತ್ತು ವರ್ಷದ ಮೇಲೆ. ವಂಶಪಾರಂಪರ್ಯವಾಗಿ ಬರುವ ಇಂಥದೇ ಇನ್ನೊಂದು ರೋಗದಲ್ಲಿ 2000ದಲ್ಲಿ ಎಫ್‌ಜಿಎಫ್-23ರ ಜೀನು ಪತ್ತೆಯಾಯಿತು. ಮರುವರ್ಷ ಜಪಾನಿನ ತಂಡವೊಂದು ಈ ಗಂತಿಗಳಲ್ಲಿಯೂ ಅದನ್ನೇ ಕಂಡಿತು.

ಹಳದಿ ಪ್ರಕ್ಷೇಪದ ಪರೀಕ್ಷೆ

ರೋಗವನ್ನು ಅನುಮಾನಿಸಲು ಬೇಕಾದದ್ದು ರಕ್ತದಲ್ಲಿನ ಫಾಸ್ಫರಸ್ ಎಂಬ ಅಗ್ಗದ ಪರೀಕ್ಷೆ. ವಯಸ್ಕರಲ್ಲಿ ಇದು ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಂ ಇರಬೇಕು. ಮಕ್ಕಳಲ್ಲಿ ಇನ್ನೂ ಹೆಚ್ಚು. ಈ ಗಂತಿಯವರಲ್ಲಿ ಸಾಮಾನ್ಯವಾಗಿ 2ಕ್ಕಿಂತ ಕೆಳಗಿರುತ್ತದೆ.

ರಸಾಯನ ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಲವಣ ವಿಶ್ಲೇಷಣೆಯಲ್ಲಿ ಫಾಸ್ಫೇಟ್ ಇದೆಯೇ ಎಂದು ನೋಡಲು ನೈಟ್ರಿಕ್ ಆಮ್ಲ, ಅಮೋನಿಯಂ ಮಾಲಿಬ್ಡೇಟ್ ಹಾಕಿ ಬಿಸಿ ಮಾಡುತ್ತೀರಲ್ಲ, ಆಗ ಹಳದಿ ಪ್ರಕ್ಷೇಪ ಬರುತ್ತದೆಯಲ್ಲ, ಆಸ್ಪತ್ರೆಯ ಯಂತ್ರದೊಳಗೆ ನಡೆಯುವುದೂ ಅದೇ ಫಾಸ್ಫೊಮಾಲಿಬ್ಡೇಟ್ ಕ್ರಿಯೆ. ಅಲ್ಲಿ ಪ್ರಕ್ಷೇಪಕ್ಕೆ ಕಾಯುವುದಿಲ್ಲ. 340 ನ್ಯಾನೊಮೀಟರ್ ಅಲೆಯುದ್ದದ ನೇರಳಾತೀತ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆ ಎಂದು ಅಳೆಯುತ್ತಾರೆ. ಇದಕ್ಕೂ ಹಿಂದಿನ ವಿಧಾನದಲ್ಲಿ ಮಾಲಿಬ್ಡೇಟನ್ನು ಅಪಕರ್ಷಿಸಿ ಬರುವ ನೀಲಿ ಬಣ್ಣದ ಗಾಢತೆಯನ್ನು ಅಳೆಯುತ್ತಿದ್ದರು. ಅದನ್ನು 1925ರಲ್ಲಿ ಹಾರ್ವರ್ಡ್‌ನಲ್ಲಿ ರೂಪಿಸಿದ ಇಬ್ಬರಲ್ಲಿ ಒಬ್ಬರು ನಮ್ಮ ನೆರೆಯ ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್. ಫಿಸ್ಕೆ-ಸುಬ್ಬರಾವ್ ವಿಧಾನವೆಂದೇ ಅದು ಹೆಸರಾಯಿತು. ಪಾಠ ಮಾಡುವಾಗ ಈ ಹೆಸರನ್ನು ಬಿಡಬೇಡಿ.

ಇಷ್ಟು ಸುಲಭದ ಪರೀಕ್ಷೆ ತಪ್ಪಿಹೋಗುವುದೇಕೆ? ಮೂಳೆ ನೋವೆಂದರೆ ಕ್ಯಾಲ್ಸಿಯಂ ನೋಡುತ್ತಾರೆ. ಅದು ಸರಿಯಾಗಿರುತ್ತದೆ. ವಿಟಮಿನ್ ಡಿ ನೋಡುತ್ತಾರೆ. ನಮ್ಮಲ್ಲಿ ಬಹಳ ಮಂದಿಗೆ ಅದು ಕಡಿಮೆಯೇ ಇರುವುದರಿಂದ ಇವರಲ್ಲೂ ಕಡಿಮೆ ಬರುತ್ತದೆ. ಕಾರಣ ಸಿಕ್ಕಿತು ಎಂದು ಹುಡುಕಾಟ ಅಲ್ಲಿಗೆ ನಿಲ್ಲುತ್ತದೆ. ನನ್ನ ದೃಷ್ಟಿಯಲ್ಲಿ ಅಪಾಯ ಇರುವುದೇ ಇಲ್ಲಿ. ಸಿಕ್ಕ ಉತ್ತರ ಸುಳ್ಳಲ್ಲ, ಅರ್ಧ ನಿಜ. ವಿಟಮಿನ್ ಡಿ ತುಂಬಿಕೊಟ್ಟ ಮೇಲೂ ಕೆಲವು ತಿಂಗಳಲ್ಲಿ ನೋವು ತಗ್ಗದಿದ್ದರೆ ಪ್ರಶ್ನೆಯನ್ನು ಮತ್ತೆ ತೆರೆಯಬೇಕು.

ಫಾಸ್ಫರಸ್ ಕಡಿಮೆ ಇದ್ದರೆ ಮುಂದಿನ ಪ್ರಶ್ನೆ, ಅದು ಸೋರುತ್ತಿರುವುದು ಮೂತ್ರದಲ್ಲೋ ಅಲ್ಲವೋ ಎಂಬುದು. ಒಂದೇ ಹೊತ್ತಿನಲ್ಲಿ ರಕ್ತ, ಮೂತ್ರ ಎರಡನ್ನೂ ತೆಗೆದು ಎರಡರಲ್ಲೂ ಫಾಸ್ಫರಸ್ ಮತ್ತು ಕ್ರಿಯಾಟಿನಿನ್ ಅಳೆಯುತ್ತಾರೆ. ಮೂತ್ರದ ಫಾಸ್ಫರಸನ್ನು ರಕ್ತದ ಕ್ರಿಯಾಟಿನಿನ್‌ನಿಂದ ಗುಣಿಸಿ, ಅದನ್ನು ರಕ್ತದ ಫಾಸ್ಫರಸ್ ಮತ್ತು ಮೂತ್ರದ ಕ್ರಿಯಾಟಿನಿನ್‌ಗಳ ಗುಣಲಬ್ಧದಿಂದ ಭಾಗಿಸಿದರೆ ಸೋರಿಕೆಯ ಪಾಲು ಸಿಗುತ್ತದೆ. ಕರಿಹಲಗೆಯ ಮೇಲೆ ಮಾಡಿಸಬಹುದಾದ ಲೆಕ್ಕ: ಮೂತ್ರದಲ್ಲಿ ಫಾಸ್ಫರಸ್ 40, ಕ್ರಿಯಾಟಿನಿನ್ 80, ರಕ್ತದಲ್ಲಿ ಫಾಸ್ಫರಸ್ 1.6, ಕ್ರಿಯಾಟಿನಿನ್ 0.8 ಎಂದಿಟ್ಟುಕೊಳ್ಳಿ. 32ನ್ನು 128ರಿಂದ ಭಾಗಿಸಿದರೆ 0.25. ಸೋಸಿದ್ದರಲ್ಲಿ ಕಾಲು ಭಾಗ ಹೊರಹೋಗುತ್ತಿದೆ. ಕೆರೆ ಬತ್ತಿರುವಾಗ ಕೋಡಿ ಹರಿಯಬಾರದು. ರಕ್ತದಲ್ಲಿ ಇಷ್ಟು ಕೊರತೆಯಿರುವಾಗ ಆರೋಗ್ಯವಂತ ಮೂತ್ರಪಿಂಡ ಶೇಕಡ 5ಕ್ಕಿಂತ ಹೆಚ್ಚು ಬಿಟ್ಟುಕೊಡುವುದಿಲ್ಲ.

ಸೋರಿಕೆ ಇದ್ದ ಮಾತ್ರಕ್ಕೆ ಗಂತಿ ಎಂದೂ ಅಲ್ಲ. ವಿಟಮಿನ್ ಡಿ ಕೊರತೆಯೇ ತೀವ್ರವಾದರೆ ಸೋರಿಕೆ ಉಂಟು. ಹುಟ್ಟಿನಿಂದ ಬರುವ ರೋಗಗಳಿವೆ. ಎಚ್‌ಐವಿಗೆ ಕೊಡುವ ಟೆನೊಫೊವಿರ್‌ನಂಥ ಔಷಧ ಕಾರಣವಾಗಬಹುದು. ರಕ್ತಹೀನತೆಗೆ ನಾಳದ ಮೂಲಕ ಕೊಡುವ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣದ ಔಷಧವೂ ಕೆಲವರಲ್ಲಿ ಇದೇ ಹಾರ್ಮೋನನ್ನು ಏರಿಸುತ್ತದೆ. ಹಾಗಾಗಿ ತೆಗೆದುಕೊಂಡ ಔಷಧಗಳ ಚೀಟಿಗಳನ್ನೆಲ್ಲ ವೈದ್ಯರ ಮುಂದಿಡಬೇಕು.

ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಸಂಭಾವ್ಯತೆಯ ಲೆಕ್ಕ ನೋಡಿ. ಅಂಕಿಗಳು ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡವು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಸೊಂಟ-ಮೂಳೆ ನೋವೆಂದು ಬರುವವರು 20,000 ಎನ್ನೋಣ. ಗಂತಿಯವರು ಅವರಲ್ಲಿ ಒಬ್ಬರು. ಬೇರೆ ಕಾರಣದಿಂದ ಫಾಸ್ಫೇಟ್ ತಗ್ಗಿರುವವರು 100. ಆ ಒಬ್ಬರಿಗಾಗಿ ಎಲ್ಲರಿಗೂ ದುಬಾರಿ ಸ್ಕ್ಯಾನ್ ಮಾಡಿಸುವುದು ಹುಚ್ಚುತನ. ಸ್ಕ್ಯಾನು ನೂರರಲ್ಲಿ ಐದು ಸಲ ಇಲ್ಲದ ಚುಕ್ಕೆ ತೋರಿಸಿದರೂ ಸಾವಿರ ಮಂದಿಯಲ್ಲಿ ಇಲ್ಲದ ಗಂತಿ ಕಂಡೀತು. ಫಾಸ್ಫರಸ್ ಪರೀಕ್ಷೆಯಾದರೋ 20,000ದಲ್ಲಿ ಒಂದಿದ್ದ ಸಾಧ್ಯತೆಯನ್ನು 101ರಲ್ಲಿ ಒಂದಕ್ಕೆ ತರುತ್ತದೆ. ಮೂತ್ರದ ಲೆಕ್ಕ, ಔಷಧಗಳ ವಿಚಾರಣೆ, ವಿಟಮಿನ್ ಡಿ ಸರಿಪಡಿಸುವುದು ಇಷ್ಟಾದ ಮೇಲೆ ಹತ್ತರಲ್ಲಿ ಒಂದಾಯಿತೆನ್ನಿ. ಆಗ ಸ್ಕ್ಯಾನಿಗೆ ಅರ್ಥ ಬರುತ್ತದೆ.

ಪಾಸಿಟ್ರಾನ್ ತೋರಿಸುವ ಜಾಗ

ಬಟಾಣಿ ಗಾತ್ರದ ಗಂತಿಯನ್ನು ಐದೂವರೆ ಅಡಿ ದೇಹದಲ್ಲಿ ಹುಡುಕುವುದು ಹೇಗೆ? ಈ ಗಂತಿಯ ಜೀವಕೋಶಗಳ ಮೈಮೇಲೆ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳು ಹೇರಳವಾಗಿರುತ್ತವೆ. ಅದಕ್ಕೆ ಯಾವ ಕೆಲಸವೋ, ನಮಗಂತೂ ಅದು ಅನುಕೂಲ. ಆ ಹಾರ್ಮೋನನ್ನು ಹೋಲುವ ಒಂದು ಸಣ್ಣ ಪೆಪ್ಟೈಡಿಗೆ ಡೋಟಾ ಎಂಬ ಅಣುವಿನ ಪಂಜರವನ್ನು ಕಟ್ಟಿ, ಪಂಜರದೊಳಗೆ ಗ್ಯಾಲಿಯಂ-68 ಎಂಬ ವಿಕಿರಣಶೀಲ ಸಮಸ್ಥಾನಿಯ ಪರಮಾಣುವನ್ನು ಕೂರಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಔಷಧ ಹೋಗಿ ಗಂತಿಗೆ ಅಂಟುತ್ತದೆ.

ಗ್ಯಾಲಿಯಂ-68ರ ಅರ್ಧಾಯು 68 ನಿಮಿಷ. ಇಷ್ಟು ಅಲ್ಪಾಯುವನ್ನು ಕೂಡಿಡುವುದು ಆಗದ ಮಾತು. ಅದಕ್ಕೇ 271 ದಿನ ಅರ್ಧಾಯುವಿನ ಜರ್ಮೇನಿಯಂ-68ನ್ನು ಒಂದು ಕೊಳವೆಯಲ್ಲಿ ಹಿಡಿದಿಟ್ಟಿರುತ್ತಾರೆ. ಅದು ಕ್ಷಯಿಸಿ ಗ್ಯಾಲಿಯಂ ಹುಟ್ಟುತ್ತಿರುತ್ತದೆ, ಬೇಕಾದಾಗ ಆಮ್ಲ ಹಾಯಿಸಿ ತೊಳೆದುಕೊಳ್ಳುತ್ತಾರೆ. ಪ್ರಯೋಗಾಲಯದವರು ಇದನ್ನು ಹಸು ಎಂದೇ ಕರೆಯುತ್ತಾರೆ. ಒಮ್ಮೆ ಕರೆದ ಮೇಲೆ ನಾಲ್ಕು ಅರ್ಧಾಯು, ಅಂದರೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಶೇಕಡ 94ರಷ್ಟು ಮತ್ತೆ ತುಂಬಿರುತ್ತದೆ. ಬೆಂಗಳೂರಿನಲ್ಲಿ ಕರೆದದ್ದನ್ನು ಮೂರು ಗಂಟೆಯ ಹಾದಿ ಕೆ.ಆರ್. ಪೇಟೆಗೆ ತಂದರೆ ಆರನೇ ಒಂದು ಭಾಗ ಉಳಿದಿರುತ್ತದೆ. ರೋಗಿಯೇ ಹಸುವಿದ್ದಲ್ಲಿಗೆ ಹೋಗಬೇಕಾದ್ದು ಇದರಿಂದ.

ಗ್ಯಾಲಿಯಂ ಹೊರಬಿಟ್ಟ ಪಾಸಿಟ್ರಾನ್ ಕೆಲವು ಮಿಲಿಮೀಟರಿನೊಳಗೆ ಒಂದು ಎಲೆಕ್ಟ್ರಾನನ್ನು ಸಂಧಿಸುತ್ತದೆ. ಎರಡೂ ಇಲ್ಲವಾಗಿ ಅವುಗಳ ರಾಶಿ ಎರಡು ಫೋಟಾನುಗಳಾಗುತ್ತದೆ. ಒಂದೊಂದರ ಶಕ್ತಿ 511 ಕಿಲೋ ಎಲೆಕ್ಟ್ರಾನ್ ವೋಲ್ಟ್. ಸಂವೇಗ ಸಂರಕ್ಷಣೆಯ ನಿಯಮದಂತೆ ಇವು ಒಂದಕ್ಕೊಂದು ಬೆನ್ನು ಹಾಕಿ ಓಡಬೇಕು. ರೋಗಿಯ ಸುತ್ತ ಬಳೆಯಂತೆ ಜೋಡಿಸಿದ ಸ್ಫಟಿಕಗಳಲ್ಲಿ ಎದುರುಬದುರಿನ ಎರಡು ಒಟ್ಟಿಗೆ ಮಿನುಗಿದರೆ, ಅವುಗಳನ್ನು ಸೇರಿಸುವ ಗೆರೆಯ ಮೇಲೆಲ್ಲೋ ಗಂತಿ ಇದೆ ಎಂದಾಯಿತು. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಹೋಗುವುದು 30 ಸೆಂಟಿಮೀಟರ್. ಎರಡು ಮಿನುಗುಗಳ ನಡುವೆ 0.4 ನ್ಯಾನೊಸೆಕೆಂಡ್ ಅಂತರವಿದ್ದರೆ ಘಟನೆ ನಡೆದದ್ದು ಗೆರೆಯ ನಡುವಿನಿಂದ 6 ಸೆಂಟಿಮೀಟರ್ ಆಚೆ. ಆರು ಏಕೆ, ಹನ್ನೆರಡು ಏಕಲ್ಲ ಎಂದು ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಇಂಥ ಲಕ್ಷಾಂತರ ಗೆರೆಗಳಿಂದ ಕಂಪ್ಯೂಟರು ಚಿತ್ರ ಕಟ್ಟುತ್ತದೆ. ಭಾರತದ ಮೊದಲ ಪಾಸಿಟ್ರಾನ್ ಸ್ಕ್ಯಾನ್ ಕೇಂದ್ರ 2002ರಲ್ಲಿ ಮುಂಬಯಿಯ ವಿಕಿರಣ ವೈದ್ಯಕೀಯ ಕೇಂದ್ರದಲ್ಲಿ ಆರಂಭವಾಯಿತು.

ಇಲ್ಲೊಂದು ಸಣ್ಣ ವಿವರ ದೊಡ್ಡ ವ್ಯತ್ಯಾಸ ಮಾಡುತ್ತದೆ. ಕ್ಯಾನ್ಸರಿಗೆಂದು ಮಾಡುವ ವಾಡಿಕೆಯ ಸ್ಕ್ಯಾನು ತಲೆಬುರುಡೆಯ ಬುಡದಿಂದ ತೊಡೆಯ ನಡುವಿನವರೆಗೆ ಮಾತ್ರ. ನಮ್ಮ ಗಂತಿ ಅಂಗಾಲಿನಲ್ಲಿದೆ! ಈ ರೋಗದ ಅನುಮಾನವಿದ್ದಾಗ ನೆತ್ತಿಯಿಂದ ಕಾಲ್ಬೆರಳಿನ ತುದಿಯವರೆಗೆ, ಕೈಗಳನ್ನೂ ಸೇರಿಸಿ, ಚಿತ್ರ ತೆಗೆಯಬೇಕು. ವಾಡಿಕೆಯ ಸ್ಕ್ಯಾನಿನಲ್ಲಿ ಬಳಸುವ ಗ್ಲೂಕೋಸ್ ರೂಪದ ಔಷಧವನ್ನು ಈ ನಿಧಾನಿ ಗಂತಿ ಅಷ್ಟಾಗಿ ಹೀರುವುದೂ ಇಲ್ಲ. ಅದರಲ್ಲಿ ಏನೂ ಕಾಣದಿದ್ದರೆ ಗಂತಿ ಇಲ್ಲವೆಂದಲ್ಲ. ಮತ್ತೆ, ಕೂಡಿಕೊಳ್ಳುತ್ತಿರುವ ಮೂಳೆಬಿರುಕುಗಳೂ ಗ್ಯಾಲಿಯಂ ಚಿತ್ರದಲ್ಲಿ ಮಂದವಾಗಿ ಹೊಳೆದು ದಾರಿ ತಪ್ಪಿಸಬಹುದು. ಚುಕ್ಕೆ ಕಂಡಲ್ಲಿ ಸಿ.ಟಿ. ಅಥವಾ ಎಂ.ಆರ್.ಐ. ಮಾಡಿ ಖಚಿತಪಡಿಸಿಕೊಳ್ಳುತ್ತಾರೆ.

ಸಿಕ್ಕಿದರೆ ಚಿಕಿತ್ಸೆ ಸರಳ. ಸುತ್ತಲಿನ ಒಂದಿಷ್ಟು ಅಂಗಾಂಶವನ್ನೂ ಸೇರಿಸಿ ಗಂತಿಯನ್ನು ಪೂರ್ತಿ ಕತ್ತರಿಸಬೇಕು. ಚೂರು ಉಳಿದರೂ ಮತ್ತೆ ಬರಬಹುದು. ಪೂರ್ತಿ ತೆಗೆದರೆ ಕೆಲವೇ ದಿನಗಳಲ್ಲಿ ರಕ್ತದ ಫಾಸ್ಫೇಟ್ ತಾನಾಗಿ ಏರುತ್ತದೆ. ಮೂಳೆಗೆ ಕಾಂಕ್ರೀಟು ಬಿದ್ದು ಗಟ್ಟಿಯಾಗಲು ತಿಂಗಳುಗಳು ಬೇಕು. ಗಾಲಿಕುರ್ಚಿಯಲ್ಲಿ ಬಂದವರು ನಡೆದುಕೊಂಡು ಹೋದ ವರದಿಗಳಿವೆ. ಆದರೆ ಬಾಗಿಹೋದ ಬೆನ್ನು, ಕುಗ್ಗಿದ ಎತ್ತರ ಹಿಂದಿರುಗುವುದಿಲ್ಲ. ಪತ್ತೆ ತಡವಾದಷ್ಟೂ ಆ ನಷ್ಟ ಹೆಚ್ಚು. ಗಂತಿ ಸಿಗದಿದ್ದವರಿಗೆ ಫಾಸ್ಫೇಟನ್ನು ದಿನಕ್ಕೆ ಹಲವು ಬಾರಿ ಕೊಡುತ್ತ, ಕ್ರಿಯಾಶೀಲ ವಿಟಮಿನ್ ಡಿಯನ್ನೂ ಸೇರಿಸುತ್ತಾರೆ. ಎಫ್‌ಜಿಎಫ್-23ನ್ನೇ ಕಟ್ಟಿಹಾಕುವ ಬುರೊಸುಮ್ಯಾಬ್ ಎಂಬ ಪ್ರತಿಕಾಯಕ್ಕೆ ಅಮೆರಿಕದಲ್ಲಿ 2020ರಲ್ಲಿ ಈ ರೋಗಕ್ಕೂ ಅನುಮತಿ ದೊರೆಯಿತು. ಅದರ ಬೆಲೆ ಮಾತ್ರ ನಮ್ಮ ರೈತರ ಕೈಗೆ ಎಟುಕುವಂಥದಲ್ಲ.

ಹೀಗೆ ಒಂದೆಡೆ ಕೂತು ಇನ್ನೊಂದೆಡೆ ವೇಷ ಹಾಕುವ ಗಂತಿಗಳು ಬೇರೆಯೂ ಇವೆ. ಮೇದೋಜೀರಕಾಂಗದ ಇನ್ಸುಲಿನೋಮಾ ಬೆಳಗಿನ ಜಾವ ರಕ್ತದ ಸಕ್ಕರೆಯನ್ನು ಇಳಿಸಿ, ರೋಗಿ ಏನೇನೋ ಬಡಬಡಿಸುವಂತೆ ಮಾಡುತ್ತದೆ. ಮನೆಯವರು ಮೂರ್ಛೆರೋಗ ಅಥವಾ ಗಾಳಿ ಸೋಕಿದೆ ಎನ್ನುತ್ತಾರೆ. ಅಡ್ರಿನಲ್ ಗ್ರಂಥಿಯಲ್ಲಿ ಬರುವ ಫಿಯೋಕ್ರೋಮೊಸೈಟೋಮಾ ಜಾತಿಯ ಗಂತಿ ಅಪರೂಪಕ್ಕೆ ಮೂತ್ರಕೋಶದ ಗೋಡೆಯಲ್ಲಿ ಬೆಳೆದರೆ, ಮೂತ್ರ ಮಾಡಿದಾಗಲೆಲ್ಲ ರಕ್ತದೊತ್ತಡ ಏರಿ ತಲೆ ಸಿಡಿಯುತ್ತದೆ. ಅಲ್ಲಿಯೂ ಸುಳಿವು ಕೊಡುವುದು ಸರಿಯಾದ ಹೊತ್ತಿನಲ್ಲಿ ತೆಗೆದ ಒಂದು ಅಳತೆಯೇ.

ಇನ್ನು ಆ ಶಿಕ್ಷಕಿಯ ವಿಷಯ. ಮರುದಿನ ಅವರು ಅತ್ತೆಯ ಕಡತವನ್ನೇ ಹೊತ್ತುತಂದರು. ಇಬ್ಬರೂ ಕೂತು ಒಂದೊಂದೇ ಹಾಳೆ ತಿರುವಿದೆವು. ಕ್ಯಾಲ್ಸಿಯಂ ನಾಲ್ಕು ಸಲ, ವಿಟಮಿನ್ ಡಿ ಎರಡು ಸಲ, ಬೆನ್ನಿನ ಎಂ.ಆರ್.ಐ. ಎರಡು ಸಲ. ಫಾಸ್ಫರಸ್ ಒಮ್ಮೆಯೂ ಇಲ್ಲ. ವೈದ್ಯರನ್ನು ಕೇಳಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅದನ್ನು ಮಾಡಿಸಿ ಎಂದೆ. ವಾರದ ಮೇಲೆ ಅವರ ಫೋನ್ ಬಂತು.

"ಸಾರ್, 3.3 ಬಂದಿದೆ."

"ಹಾಗಾದ್ರೆ ಇದು ನಾನು ಹೇಳಿದ ಗಂತಿ ಅಲ್ಲಮ್ಮ. ಆ ಬಾಗಿಲು ಮುಚ್ಚಿತು."

"ಮತ್ತೇನಿರಬಹುದು ಸಾರ್?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೀಲುರೋಗದ ತಜ್ಞರನ್ನು ಕಾಣಲು ಹೇಳಿದೆ. ಮುಂದಿನ ಸೋಮವಾರ ಮೈಸೂರಿಗೆ ಕರೆದುಕೊಂಡು ಹೋಗುತ್ತೇವೆ, ಈ ಅಂಕಿಯನ್ನೂ ದಿನಾಂಕವನ್ನೂ ಕಡತದ ಮೇಲೇ ಬರೆದಿಟ್ಟಿದ್ದೇನೆ, ಮತ್ತೆ ಮಾಡಿಸುವುದು ಬೇಡವಲ್ಲ ಎಂದರು.